ಅಲೆಗೆ ತಕ್ಕ ಹಲಗೆ

ಮಕ್ಕಳೇ, ನಮ್ಮ ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳಿಗೆ ಸಮುದ್ರ ಬಲು ದೂರ. ಮಂಜೀರಾ ನದಿಯ ಸಿಂಗೂರು ಜಲಾಶಯದಲ್ಲಿ ಗಾಳಿ ಬೀಸಿದಾಗ ಏಳುವ ಸಣ್ಣ ಅಲೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕರ್ನಾಟಕದ ಮೂಲ್ಕಿಯ ಬಳಿ ಸಸಿಹಿತ್ಲು ಎಂಬ ಕಡಲತೀರವಿದೆ. ಶಾಂಭವಿ ಮತ್ತು ನಂದಿನಿ ನದಿಗಳು ಅಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಆ ಕಡಲಿನಲ್ಲಿ ಹಲಗೆಯ ಮೇಲೆ ನಿಂತು, ಅಲೆಯೊಡನೆ ದಡದತ್ತ ಜಾರಿ ಬರುವ ಆಟವಿದೆ. ಅದೇ ಸರ್ಫಿಂಗ್. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಅಲ್ಲಿಯೇ ನಡೆಯಿತು.

ದೂರದಿಂದ ನೋಡಿದರೆ ಎಲ್ಲ ಹಲಗೆಗಳೂ ಒಂದೇ ತೆರನಾಗಿ ಕಾಣುತ್ತವೆ. ಅವುಗಳ ಹಿಂಭಾಗವನ್ನು ಗಮನಿಸಬೇಕು. ಅದಕ್ಕೆ ಬಾಲ ಎನ್ನುತ್ತಾರೆ. ಚಳಿಗಾಲದಲ್ಲಿ ಈ ಕರಾವಳಿಯ ಅಲೆಗಳು ಸಣ್ಣವು. ಅವು ತಳ್ಳುವ ಬಲವೂ ಕಡಿಮೆ. ಆಗ ಅಗಲವಾದ ಬಾಲ ಬೇಕು. ಅದರ ಅಡಿಯಲ್ಲಿ ಹೆಚ್ಚು ನೀರು ಒತ್ತಿ ಹಲಗೆಯನ್ನು ಎತ್ತಿ ಹಿಡಿಯುತ್ತದೆ. ಮಳೆಗಾಲ ಹತ್ತಿರವಾದಂತೆ ಅಲೆಗಳು ದೊಡ್ಡದಾಗಿ, ರಭಸದಿಂದ ಬರುತ್ತವೆ. ಆಗ ಇದೇ ಗುಣ ತೊಂದರೆ ಕೊಡುತ್ತದೆ! ಅಗಲ ಬಾಲ ಮೇಲೇಳುತ್ತದೆ, ಹಿಡಿತ ತಪ್ಪುತ್ತದೆ, ಹಲಗೆಯ ಮೇಲಿದ್ದವರು ನೀರಿಗೆ ಬೀಳುತ್ತಾರೆ. ಅಂಥ ಅಲೆಗೆ ಕಿರಿದಾದ ಬಾಲವೇ ಸರಿ. ಅದು ನೀರಿನೊಳಗೆ ತುಸು ಇಳಿದು ಅಲೆಯನ್ನು ಹಿಡಿದುಕೊಳ್ಳುತ್ತದೆ.

ಬಾಲದ ಅಡಿಯಲ್ಲಿ ಮೀನಿನ ಈಜುರೆಕ್ಕೆಯಂಥ ತೆಳುವಾದ ಪಟ್ಟಿಗಳಿರುತ್ತವೆ. ಇವು ಫಿನ್‌ಗಳು. ಹಂಪಿಯ ತುಂಗಭದ್ರೆಯಲ್ಲಿ ಹರಿಗೋಲು ಗಿರಗಿರನೆ ತಿರುಗುತ್ತದೆಯಲ್ಲವೇ? ಗುಂಡಗಿನ ಅದರ ತಳದಲ್ಲಿ ಇಂಥ ಪಟ್ಟಿಯಿಲ್ಲ. ಹಿಂದೆ ಸರ್ಫಿಂಗ್ ಹಲಗೆಗೂ ಇರಲಿಲ್ಲ. ಬಾಲ ಪಕ್ಕಕ್ಕೆ ಜಾರುತ್ತಿತ್ತು. 1935ರಲ್ಲಿ ಅಮೆರಿಕದ ಟಾಮ್ ಬ್ಲೇಕ್ ಅವರು ಹಳೆಯ ಮೋಟಾರು ದೋಣಿಯೊಂದರ ತಳಪಟ್ಟಿಯನ್ನು ತಮ್ಮ ಹಲಗೆಗೆ ಜೋಡಿಸಿದರು. ಹಲಗೆ ನೇರವಾಗಿ ಸಾಗಿತು!

ಒಂದು ಫಿನ್ ಇದ್ದರೆ ಹಲಗೆ ನೇರವಾಗಿ ಹೋಗುತ್ತದೆ, ಆದರೆ ನಿಧಾನವಾಗಿ ತಿರುಗುತ್ತದೆ. ಎರಡಿದ್ದರೆ ಸಣ್ಣ ಅಲೆಯಲ್ಲಿ ಚುರುಕಾಗಿ ಓಡುತ್ತದೆ, ದೊಡ್ಡ ಅಲೆಯಲ್ಲಿ ಹಿಡಿತ ಸಾಲದು. ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಅವರು 1980ರಲ್ಲಿ ಮೂರು ಫಿನ್‌ಗಳ ಹಲಗೆಯನ್ನು ತಯಾರಿಸಿದರು. ಮರುವರ್ಷ ಬೆಲ್ಸ್ ಬೀಚ್ ಎಂಬಲ್ಲಿ ಭಾರಿ ಅಲೆಗಳ ನಡುವೆ ಅದರ ಮೇಲೆ ನಿಂತು ಗೆದ್ದರು. ಇಂದಿಗೂ ಮೂರು ಫಿನ್‌ಗಳ ಹಲಗೆಯೇ ಹೆಚ್ಚು ಬಳಕೆಯಲ್ಲಿದೆ. ಹೊಸದಾಗಿ ಕಲಿಯುವವರಿಗೆ ಮಾತ್ರ ಉದ್ದವಾದ, ಅಗಲವಾದ ಹಲಗೆ ಕೊಡುತ್ತಾರೆ. ಅದಕ್ಕೂ ಮೊದಲು ಈಜು ಬರಬೇಕು!

ಮಾಡಿ ನೋಡಿರಿ

ಬಕೆಟ್ಟಿನ ನೀರಿನಲ್ಲಿ ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿಯಿರಿ. ಅದರ ಅಂಚು ಮುಂದಾಗಿರುವಂತೆ ಸರಿಸಿರಿ. ಅನಂತರ ಅಗಲ ಮುಖ ಮುಂದಾಗಿರುವಂತೆ ತಳ್ಳಿರಿ.

1. ನೀರು ಯಾವಾಗ ಹೆಚ್ಚು ತಡೆಯಿತು?
2. ಬಾಲ ಪಕ್ಕಕ್ಕೆ ಜಾರದಂತೆ ಫಿನ್ ಹೇಗೆ ತಡೆಯುತ್ತದೆ?
3. ಡಿಸೆಂಬರಿನಲ್ಲಿ ಸಸಿಹಿತ್ಲುವಿಗೆ ಹೋದರೆ ನೀವು ಯಾವ ಹಲಗೆಯನ್ನು ಆರಿಸುವಿರಿ? ಏಕೆ?