ಮಂಗಳೂರಿನಲ್ಲಿ ವಾಸಿಸಿದ ಯೆಹೂದ್ಯ ಶಾಸ್ತ್ರಜ್ಞನು



ಪೌಲನು ಗಮಲಿಯೇಲನ ಪಾದಗಳ ಬಳಿಯಲ್ಲಿ ಧರ್ಮಶಾಸ್ತ್ರವನ್ನು ಕಲಿತನೆಂದು ಅಪೊಸ್ತಲರ ಕೃತ್ಯಗಳ 22ನೆಯ ಅಧ್ಯಾಯದಲ್ಲಿ ಓದಿದ್ದೇವೆ. ಅಂಥ ಗುರುಗಳ ಉಪದೇಶಗಳು ಕ್ರಿ. ಶ. 200ರ ಸುಮಾರಿಗೆ ಮಿಷ್ನಾ ಎಂಬ ಸಂಗ್ರಹವಾದವು. ಮುಂದಿನ ಶತಮಾನಗಳ ವಾದವಿವರಣೆಗಳು ಅದಕ್ಕೆ ಕೂಡಿ ತಾಲ್ಮೂದ್ ಎಂಬ ಮಹಾಗ್ರಂಥವಾಯಿತು. ಕೊಡುಕೊಳ್ಳುವಿಕೆ, ಮದುವೆ, ದಾಸತ್ವ ಮುಂತಾದ ಪ್ರತಿಯೊಂದು ವಿಷಯದಲ್ಲಿಯೂ ಧರ್ಮವಾವುದೆಂದು ಅದು ವಿಚಾರಿಸುತ್ತದೆ. ಆ ಶಾಸ್ತ್ರವನ್ನು ಬಲ್ಲವನೊಬ್ಬನು ನಮ್ಮ ಕರಾವಳಿಯಲ್ಲಿಯೇ ಬಾಳಿದನು. ಅಂಬಿಕಾನಗರದ ಸೀಮೆಯ ಕಾಳೀ ನದಿಯು ಕಾರವಾರದ ಬಳಿ ಸೇರುವ ಸಮುದ್ರದ ದಡದಲ್ಲಿಯೇ, ತೆಂಕಲಾಗಿ, ಅವನಿದ್ದ ಮಂಗಳೂರು ಇದೆ.

1. ಅವನ ಜೀವಿತ

ಅಬ್ರಹಾಮ್ ಬೆನ್ ಯಿಜೂ ಎಂಬ ಇವನು ಈಗಿನ ಟುನೀಸಿಯ ದೇಶದ ಮಹ್ದಿಯ ಪಟ್ಟಣದವನು. ಏಡನಿನ ಮಾರ್ಗವಾಗಿ ಬಂದು, 1132ರೊಳಗೆ ಮಂಗಳೂರನ್ನು ಸೇರಿ, ಸುಮಾರು 17 ವರುಷ ನಮ್ಮ ದೇಶದಲ್ಲಿದ್ದನು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನಿಗೆ ಕಳುಹಿಸುತ್ತಿದ್ದನು; ಅಲ್ಲಿಂದ ಬಂದ ಒಡಕು ಪಾತ್ರೆಗಳನ್ನು ಕರಗಿಸಿ ಹೊಸ ಕಂಚಿನ ಪಾತ್ರೆಗಳನ್ನು ಮಾಡಿಸುತ್ತಿದ್ದನು. ಕಾಗದವೂ ಏಡನಿನಿಂದಲೇ ಬರಬೇಕಾಗಿತ್ತು. ಆದಕಾರಣ ತನಗೆ ಬಂದ ಪತ್ರಗಳ ಬರಿದಾದ ಭಾಗಗಳಲ್ಲಿ ಲೆಕ್ಕವನ್ನೂ ಪದ್ಯವನ್ನೂ ಶಾಸ್ತ್ರವಿಚಾರವನ್ನೂ ಬರೆಯುತ್ತಿದ್ದನು. ದುಡಿಮೆಯು ಅವನ ಓದಿಗೆ ಅಡ್ಡಿಯಾಗಲಿಲ್ಲ.

2. ಬಿಡುಗಡೆಯ ಪತ್ರ

1132ನೆಯ ಇಸವಿ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಆಶು ಎಂಬ ದಾಸಿಗೆ ಶಾಸ್ತ್ರವಿಧಿಗನುಸಾರ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ತರುವಾಯ ಆಕೆಯನ್ನು ಮದುವೆಯಾದನೆಂದು ಪಂಡಿತರು ಎಣಿಸುತ್ತಾರೆ. ಈ ಪತ್ರವು ಅಷ್ಟು ದೊಡ್ಡದೇಕೆ? ಆ ಶಾಸ್ತ್ರದ ಪ್ರಕಾರ ದಾಸಿಯ ಮಕ್ಕಳು ತಾಯಿಯ ಸ್ಥಿತಿಯನ್ನೇ ಹೊಂದತಕ್ಕವರು. ಪತ್ರವಿಲ್ಲದಿದ್ದರೆ ಆಕೆ ಹೆರುವ ಮಕ್ಕಳೂ ದಾಸರೇ. ಪತ್ರವಿದ್ದರೆ ಅವರು ಮನೆಯ ಮಕ್ಕಳು. 1149ರಲ್ಲಿ ಬೆನ್ ಯಿಜೂ ಮಕ್ಕಳೊಡನೆ ಏಡನಿಗೆ ಹಿಂದಿರುಗಿದನು. ಮಗನು ಯೆಮೆನಿನಲ್ಲಿ ತೀರಿಹೋದನು. ಮಗಳಾದ ಸಿತ್ ಅಲ್-ದಾರಳು 1156ರಲ್ಲಿ ಐಗುಪ್ತದ ಫುಸ್ತಾತಿನಲ್ಲಿ ತಂದೆಯ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗನಿಗೆ ಪತ್ನಿಯಾದಳು.

ಆದರೂ ಬೊಮ್ಮನೆಂಬ ದಾಸನು ಅವನ ವ್ಯಾಪಾರದಲ್ಲಿ ದುಡಿಯುತ್ತಿದ್ದನೆಂಬುದನ್ನು ನಾವು ಮರೆಮಾಡಬಾರದು. ಶಾಸ್ತ್ರವು ಆಶುವಿನ ಕಟ್ಟನ್ನು ಬಿಚ್ಚಿತು. ದಾಸತ್ವದ ಬೇರನ್ನು ಕೀಳಲಿಲ್ಲ.

3. ಅವನು ಬಿಟ್ಟುಹೋದದ್ದು

ಅವನ ಕಿರಿಯ ಸಮಕಾಲೀನನಾಗಿ ಫುಸ್ತಾತಿನಲ್ಲಿ 1204ರಲ್ಲಿ ತೀರಿಕೊಂಡ ಮೈಮೊನಿದನಂತೆ ಇವನು ಲೋಕಪ್ರಸಿದ್ಧನಲ್ಲ. ಆದರೆ ದೇವರ ನಾಮವಿರುವ ಬರಹವನ್ನು ನಾಶಮಾಡಬಾರದೆಂದು ಯೆಹೂದ್ಯರು ಹಳೆಯ ಕಾಗದಗಳನ್ನು ಫುಸ್ತಾತಿನ ಸಭಾಮಂದಿರದ ಕೋಣೆಯಲ್ಲಿ ಹಾಕುತ್ತಿದ್ದರು. ಅಲ್ಲಿಯೇ ಇವನ ಕಾಗದಗಳೂ ಉಳಿದವು. ಅವುಗಳಲ್ಲಿ ಅನೇಕವು 19ನೆಯ ಶತಮಾನದ ಕೊನೆಗೆ ಕೇಂಬ್ರಿಜ್ ಸೇರಿದವು; ಗೋಯ್ಟೈನ್ ಪಂಡಿತನು ಅವನ್ನು ಓದಿ ವಿವರಿಸಿದನು.

ನಮ್ಮ ಹಳ್ಳಿಗಳಲ್ಲಿ ಸಾಲದ ಪತ್ರವು ಎಷ್ಟೋ ಮನೆಗಳನ್ನು ಜೀತಕ್ಕೆ ಕಟ್ಟಿತ್ತು. 1976ರ ಕಾನೂನು ಆ ಜೀತವನ್ನು ರದ್ದುಮಾಡಿತು. ಕಟ್ಟುವ ಪತ್ರವೂ ಉಂಟು, ಬಿಚ್ಚುವ ಪತ್ರವೂ ಉಂಟು. ಅಕ್ಷರ ಬಲ್ಲವನ ಕೈ ಯಾವುದನ್ನು ಬರೆಯುತ್ತದೆಂಬುದರಿಂದಲೇ ಅವನ ವಿದ್ಯೆಯನ್ನು ತೂಗತಕ್ಕದ್ದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ತಾಲ್ಮೂದ್ ಎಂದರೇನು?
2. ಆಶುವಿನ ಬಿಡುಗಡೆಯಿಂದ ಆಕೆಯ ಮಕ್ಕಳಿಗೆ ಆದ ಪ್ರಯೋಜನವೇನು?
3. ನಮ್ಮ ಊರಿನಲ್ಲಿ ಓದಲು ಬಾರದವರ ಪತ್ರಗಳನ್ನು ಯಾರು ಓದಿ ಹೇಳುತ್ತಾರೆ?