ಪೈಪಿನ ಕುರ್ಸುರಾ, ಶಟರಿನ ತುಕ್ಕು

ಬೆಂಗಳೂರಿನಿಂದ ಕಡಲು ನೋಡಬೇಕಂದ್ರೆ ಒಂದು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು. ಅಂಥ ಊರಲ್ಲಿ ಕೂತು ನಾವು ಸಬ್‌ಮರೀನ್ ಮಾಡೋಕೆ ಹೊರಟಿದ್ದು ನೋಡಿ ಹಾಸ್ಟೆಲಿನಲ್ಲಿ ನಗದವರಿಲ್ಲ. ಕಾಲೇಜಿನ ಪ್ರದರ್ಶನಕ್ಕೆ ಏನಾದರೂ ಕೈಯಾರೆ ಮಾಡಬೇಕು, ಮತ್ತೊಂದು ಲೈನ್ ಫಾಲೋವರ್ ರೋಬೋ ಬೇಡ ಅನ್ನೋದಷ್ಟೇ ನಮ್ಮ ಹಟ. ಆರಿಸಿಕೊಂಡಿದ್ದು ಐಎನ್‌ಎಸ್ ಕುರ್ಸುರಾ. 1969ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟದ ರೀಗಾದಲ್ಲಿ ನಮ್ಮ ನೌಕಾಪಡೆಗೆ ಸೇರಿ, 1971ರ ಯುದ್ಧ ಕಂಡು, 2001ರ ಫೆಬ್ರವರಿಯಲ್ಲಿ ನಿವೃತ್ತವಾಗಿ, 2002ರಿಂದ ವಿಶಾಖಪಟ್ಟಣದ ರಾಮಕೃಷ್ಣ ಬೀಚಿನ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿರುವ ಫಾಕ್ಸ್‌ಟ್ರಾಟ್ ವರ್ಗದ ಜಲಾಂತರ್ಗಾಮಿ. ಒಳಗೆ ಹೋಗಿ ನೋಡಬಹುದು, ಫೋಟೋಗಳು ಧಾರಾಳ. ಮಾದರಿ ಮಾಡೋರಿಗೆ ಇದಕ್ಕಿಂತ ಬೇರೆ ಅನುಕೂಲ ಬೇಕಿಲ್ಲ.

ಉದ್ದ 91.3 ಮೀಟರ್, ಅಗಲ 7.5 ಮೀಟರ್. 1:200 ಅಳತೆಯಲ್ಲಿ ಮಾಡೋಣ ಅಂತ ಲೆಕ್ಕ ಹಾಕಿದರೆ ಅಗಲ 37.5 ಮಿ.ಮೀ. ಬಂತು. ಎಸ್‌ಜೆಪಿ ರಸ್ತೆಯ ಅಂಗಡಿಯಲ್ಲಿ ಹಾಗೆ ಕೇಳಿದಾಗ ಅವರು ನಮ್ಮನ್ನ ಮೇಲಿಂದ ಕೆಳಗೆ ನೋಡಿ, "ಮೂವತ್ತೆರಡು ಐತೆ, ನಲವತ್ತು ಐತೆ. ಮಧ್ಯದ್ದು ಯಾವ ಫ್ಯಾಕ್ಟರೀಲೂ ಮಾಡಲ್ಲ" ಅಂದ್ರು. 40 ಮಿ.ಮೀ. ಪಿವಿಸಿ ಪೈಪ್ ತಗೊಂಡೆವು. 7500 ಭಾಗಿಸು 40, ಅಂದ್ರೆ 187.5. ನಮ್ಮ ಸ್ಕೇಲ್ 1:187.5 ಆಯ್ತು, ಉದ್ದ 48.7 ಸೆಂ.ಮೀ. ಡ್ರಾಯಿಂಗ್ ಕ್ಲಾಸಿನಲ್ಲಿ ಸ್ಕೇಲ್ ಮೊದಲು ಬರುತ್ತೆ, ಸಾಮಾನು ಆಮೇಲೆ. ಪೇಟೆಯಲ್ಲಿ ಅದು ತಿರುವುಮುರುವು.

ಕಟ್ಟುವ ಕೆಲಸ ಕಷ್ಟವಲ್ಲ, ಬೇಸರದ್ದು. ಪೈಪಿನ ಮೇಲಿನ ಅಚ್ಚಕ್ಷರ ಮತ್ತು ನುಣುಪು ಹೋಗುವ ತನಕ 400 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿ, ಇಲ್ಲದಿದ್ದರೆ ಬಣ್ಣ ಸಿಪ್ಪೆಯ ಹಾಗೆ ಏಳುತ್ತೆ. ಫಾಕ್ಸ್‌ಟ್ರಾಟಿನ ಮೂತಿ ಇವತ್ತಿನ ಸಬ್‌ಮರೀನಿನ ಹಾಗೆ ಗುಂಡಗಿಲ್ಲ, ಹಡಗಿನ ಹಾಗೆ ಮುಂದಕ್ಕೆ ಚಾಚಿದೆ. ಅದನ್ನು ಎಂ-ಸೀಲ್ ಮೆತ್ತಿ ಅರದಿಂದ ಉಜ್ಜಿ ಮಾಡಿದೆವು. ಮೇಲಿನ ಚಪ್ಪಟೆ ಡೆಕ್ಕಿಗೆ ಪ್ಲಾಸ್ಟಿಕ್ ಹಾಳೆ. ಪೆರಿಸ್ಕೋಪಿಗೆ ಮೊದಲು ಸೈಕಲ್ ಕಡ್ಡಿ ಇಟ್ಟಿದ್ದೆವು. 2 ಮಿ.ಮೀ. ಕಡ್ಡಿ ಈ ಅಳತೆಯಲ್ಲಿ 37.5 ಸೆಂ.ಮೀ. ದಪ್ಪದ ಕಂಬ! ಕಿತ್ತು ಹೊಲಿಗೆ ಸೂಜಿ ಇಟ್ಟೆವು.

ಕಪ್ಪು ಸ್ಪ್ರೇ ಹೊಡೆದಾಗ ಚೆನ್ನಾಗೇ ಇತ್ತು. ಆದರೆ ಹೊಸ ಆಟಿಕೆಯ ಹಾಗೆ ಮಿನುಗುತ್ತಿತ್ತು. ಮೂವತ್ತೊಂದು ವರ್ಷ ಕಡಲಲ್ಲಿದ್ದದ್ದು ಹೀಗಿರುತ್ತಾ ಅಂತ ಹಳತು ಮಾಡೋಕೆ ಕೂತೆವು. ಕಂದು ಬಣ್ಣವನ್ನು ಎನ್‌ಸಿ ಥಿನ್ನರಿನಲ್ಲಿ ಕಲಸಿ ಬಳಿದೆವು, ಒಂದೇ ನಿಮಿಷದಲ್ಲಿ ಕೆಳಗಿನ ಕಪ್ಪೂ ಎದ್ದು ಬ್ರಶ್ಶಿಗೆ ಬಂತು. ಸ್ಪ್ರೇ ಡಬ್ಬಿಯ ಬಣ್ಣವನ್ನೂ ಆ ಥಿನ್ನರ್ ಕರಗಿಸುತ್ತೆ ಅನ್ನೋದು ನಮಗೆ ಗೊತ್ತಿರಲಿಲ್ಲ. ಕೆಮಿಸ್ಟ್ರಿ ಪಾಸಾಗಿದ್ದೇವೆ, ದಯವಿಟ್ಟು ಕೇಳಬೇಡಿ. ಮತ್ತೆ ಕಪ್ಪು ಹೊಡೆದು, ಒಣಗಿಸಿ, ಈ ಸಲ ಬೇರೆ ಬಣ್ಣದಲ್ಲಿ ಮೂತಿಯಿಂದ ಬಾಲದ ತನಕ ಸ್ಪಂಜಿನಿಂದ ತುಕ್ಕು ಒತ್ತಿದೆವು. ನಮ್ಮ ಕಣ್ಣಿಗೆ ಅದ್ಭುತ.

ಗೆಳೆಯನೊಬ್ಬನ ದೊಡ್ಡಪ್ಪ ನೌಕಾಪಡೆಯಲ್ಲಿದ್ದವರು. ಹೆಮ್ಮೆಯಿಂದ ತಗೊಂಡು ಹೋಗಿ ತೋರಿಸಿದೆವು. ಕನ್ನಡಕ ಏರಿಸಿ ನೋಡಿದರು.

"ಗುಜರಿಗೆ ಹಾಕೋಕ್ಕೆ ಇಟ್ಟಿದ್ದೇನ್ರಪ್ಪಾ ಇದು?"

"ಇಲ್ಲ ದೊಡ್ಡಪ್ಪ, ಸರ್ವೀಸಲ್ಲಿರೋದು. ಗಸ್ತು ಮುಗಿಸಿ ವಾಪಸ್ ಬರ್ತಾ ಇದೆ."

"ಸರ್ವೀಸಲ್ಲಿರೋ ಬೋಟು ಇಷ್ಟು ತುಕ್ಕು ಹಿಡಿಯೋಕ್ಕೆ ಬಿಡ್ತೀವಾ? ಒಳಗಡೆ ನಾವೇ ಕೂತಿರ್ತೀವಲ್ಲಪ್ಪ."

ಅಷ್ಟೇ ಅಂದಿದ್ದು. ಕಾಫಿ ಕೊಟ್ಟರು, ನಾವು ಕುಡಿದು ಸುಮ್ಮನೆ ಎದ್ದು ಬಂದೆವು. ಆ ರಾತ್ರಿ ಲೆಕ್ಕ ಹಾಕಿದೆವು. 200 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 20 ವಾಯುಭಾರ, ಒಂದೊಂದು ಚದರ ಸೆಂ.ಮೀ. ಮೇಲೂ ಸುಮಾರು 20 ಕೆ.ಜಿ. ಆ ಗೋಡೆಯ ಒಳಗೆ ಎಪ್ಪತ್ತೈದು ಜನ. ತುಕ್ಕು ಅಂದ್ರೆ ಆ ಗೋಡೆಯ ದಪ್ಪದಲ್ಲಿ ಕಳೆದುಹೋದ ಪಾಲು. ಬಂದರಿಗೆ ಬಂದಾಗಲೆಲ್ಲ ಕೆರೆದು, ಉಜ್ಜಿ, ಬಣ್ಣ ಬಳಿದವರ ಕೆಲಸವನ್ನು ನಾವು ಒಂದು ಸ್ಪಂಜಿನಲ್ಲಿ ಅಳಿಸಿಹಾಕಿದ್ದೆವು.

ಹಾಗಾದ್ರೆ ಎಷ್ಟು ತುಕ್ಕು ಸರಿ, ಎಲ್ಲಿ ಸರಿ? ಕಬ್ಬಿಣ ನೋಡದೆ ಇದಕ್ಕೆ ಉತ್ತರ ಸಿಗಲ್ಲ. ಒಂದು ಭಾನುವಾರ ಬೆಳಗ್ಗೆ, ಅಂಗಡಿಗಳು ತೆಗೆಯೋ ಮುಂಚೆ, ಚಿಕ್ಕಪೇಟೆ ಮೆಟ್ರೋದಲ್ಲಿಳಿದು ಅವೆನ್ಯೂ ರಸ್ತೆಯ ತನಕ ಮುಚ್ಚಿದ ಶಟರುಗಳನ್ನೇ ನೋಡಿಕೊಂಡು ನಡೆದೆವು. ಕಾವಲಿನವರು ಒಬ್ಬರು ಅನುಮಾನದಿಂದ ಹಿಂದೆಯೇ ಬಂದರು, ಅದು ಬೇರೆ ಕಥೆ. ಕಂಡದ್ದು ಇದು: ತುಕ್ಕು ಎಲ್ಲೆಂದರಲ್ಲಿ ಹುಟ್ಟಲ್ಲ. ಬೋಲ್ಟು, ಬೆಸುಗೆ, ಎರಡು ತಗಡು ಕೂಡುವ ಸಂದು, ಇಲ್ಲಿ ನೀರು ನಿಲ್ಲುತ್ತೆ, ಇಲ್ಲಿಂದ ಒಂದು ಗೆರೆ ಕೆಳಗಿಳಿಯುತ್ತೆ. ಮೂಲದ ಹತ್ತಿರ ಗಾಢ ಕಂದು, ಇಳಿದಂತೆ ಕಿತ್ತಳೆ, ಕೊನೆಗೆ ಬರೀ ಛಾಯೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕುವ ಕಡೆ ಶಟರಿನ ತಳದ ಒಂದು ಗೇಣು ಪೂರ್ತಿ ತಿಂದುಹೋಗಿದೆ. ದಿನಾ ಕೈ ಹಾಕಿ ಎಳೆಯುವ ಹಿಡಿಯಲ್ಲಿ ತುಕ್ಕೇ ಇಲ್ಲ, ಕನ್ನಡಿಯ ಹಾಗಿದೆ.

ಈಗ ಜಲಾಂತರ್ಗಾಮಿಗೆ ಬನ್ನಿ. ಫಾಕ್ಸ್‌ಟ್ರಾಟಿಗೆ ಎರಡು ಕವಚ. ಒತ್ತಡ ತಡೆಯುವ ಗಟ್ಟಿ ಉಕ್ಕಿನದು ಒಳಗೆ, ನಮಗೆ ಕಾಣೋದು ಹೊರಗಿನ ತೆಳುವಾದದ್ದು. ಡೆಕ್ಕಿನ ಕೆಳಗೆ ಸಾಲಾಗಿ ಕಾಣುವ ಉದ್ದನೆ ಕಂಡಿಗಳ ಮೂಲಕ, ಮುಳುಗುವಾಗ ನೀರು ಒಳನುಗ್ಗುತ್ತೆ, ಮೇಲೆ ಬಂದಾಗ ಸುರಿದುಹೋಗುತ್ತೆ. ಬ್ರಶ್ಶು ಸುಲಭವಾಗಿ ಹೋಗದ ಸಂದಿಯಿಂದ ಬರುವ ನೀರು ಅದು. ಹಾಗಾಗಿ ಗೆರೆಗಳು ಕಂಡಿಗಳ ಕೆಳಗೇ ಶುರುವಾಗಬೇಕು. ನೀರ್ಗೆರೆಯ ಹತ್ತಿರ ಉಕ್ಕು ಒದ್ದೆಯಾಗುತ್ತೆ, ಗಾಳಿಗೂ ಸಿಗುತ್ತೆ. ಬೇಗ ಕೆಡುವ ಜಾಗ, ಪಾಚಿಯ ಹಸಿರೂ ಅಲ್ಲೇ. ನಾವಿಕರು ಓಡಾಡುವ ಡೆಕ್ಕಿನ ನಡುದಾರಿ, ಏಣಿ ಮೆಟ್ಟಿಲು ನಮ್ಮ ಶಟರಿನ ಹಿಡಿ ಇದ್ದ ಹಾಗೆ, ಅಲ್ಲಿ ಸವೆದ ಹೊಳಪು. ಮಿಕ್ಕ ಕಪ್ಪು ಕಪ್ಪಾಗೇ ಇರಲಿ. ಅದನ್ನು ಯಾರೋ ಬಳಿದಿದ್ದಾರೆ.

ಎಷ್ಟು ಸಣ್ಣದು ಕಾಣಬೇಕು ಅನ್ನೋದಕ್ಕೂ ಲೆಕ್ಕ ಇದೆ. ಮಾದರಿಯನ್ನು ಅರ್ಧ ಮೀಟರ್ ದೂರದಿಂದ ನೋಡೋದು ಅಂದ್ರೆ ನಿಜವಾದದ್ದನ್ನು ಸುಮಾರು 94 ಮೀಟರ್ ದೂರದಿಂದ ನೋಡಿದ ಹಾಗೆ. ಕಣ್ಣಿನ ಸಾಮರ್ಥ್ಯ ಸುಮಾರು ಒಂದು ಆರ್ಕ್‌ಮಿನಿಟ್, ಅಷ್ಟು ದೂರಕ್ಕೆ ಅದು 2.7 ಸೆಂ.ಮೀ., ಮಾದರಿಯ ಮೇಲೆ 0.15 ಮಿ.ಮೀ. ನಾವು ಸ್ಪಂಜಿನಿಂದ ಒತ್ತಿದ್ದ 3 ಮಿ.ಮೀ. ಚುಕ್ಕೆಗಳು ನಿಜದಲ್ಲಿ ಅರ್ಧ ಮೀಟರಿಗೂ ಹೆಚ್ಚು ಅಗಲದ ಗಾಯಗಳು! ದೂರದಲ್ಲಿ ಅಚ್ಚ ಕಪ್ಪು ಕೂಡ ಕಪ್ಪಾಗಿ ಕಾಣಲ್ಲ, ಮಧ್ಯದ ಗಾಳಿ ಅದನ್ನು ತಿಳಿ ಮಾಡುತ್ತೆ. ಹಾಗಾಗಿ ಮೂರನೇ ಸಲ ಕಪ್ಪಿನ ಬದಲು ತುಂಬ ಗಾಢವಾದ ಬೂದು ಹೊಡೆದೆವು.

ಆಮೇಲಿನ ವಿಧಾನ: ಬೂದು ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಲ್ಯಾಕರ್ ಒಂದು ಪದರ, ಎರಡು ದಿನ ಮುಟ್ಟದೆ ಬಿಡಿ. ಆರ್ಟಿಸ್ಟ್ ಆಯಿಲ್ ಬಣ್ಣ, ಬರ್ನ್ಟ್ ಸಿಯೆನ್ನಾ ಮತ್ತು ಬರ್ನ್ಟ್ ಅಂಬರ್, ಎರಡು ಟ್ಯೂಬು ಸಾಕು. ಕಂಡಿಯ ಕೆಳತುದಿಯಲ್ಲಿ ಸೂಜಿ ಮೊನೆಯಷ್ಟು ಬಣ್ಣ ಇಡಿ. ಚಪ್ಪಟೆ ಬ್ರಶ್ಶನ್ನು ಟರ್ಪೆಂಟೈನಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಗಿದ ಬ್ರಶ್ಶಿನಿಂದ ನೇರ ಕೆಳಕ್ಕೆ ಎಳೆಯಿರಿ. ಟರ್ಪೆಂಟೈನ್ ಒಣಗಿದ ಲ್ಯಾಕರನ್ನು ಕರಗಿಸಲ್ಲ, ತಪ್ಪಾದರೆ ಒರೆಸಿ ಮತ್ತೆ ಮಾಡಬಹುದು. ಕಿಟಕಿ ತೆಗೆದಿಡಿ, ರೂಮ್‌ಮೇಟ್ ಶಾಪ ಹಾಕ್ತಾನೆ.

ಒಣ ತುಕ್ಕಿನ ಪುಡಿಗೆ ವಿದೇಶಿ ಪಿಗ್ಮೆಂಟ್ ಡಬ್ಬಿ ಬೇಡ. ಗ್ರಂಧಿಗೆ ಅಂಗಡಿಯಲ್ಲಿ ಕೆಮ್ಮಣ್ಣು ಕೇಳಿ. ರಂಗೋಲಿಯ ಅಂಚಿಗೆ ಅಜ್ಜಿ ಹಚ್ಚುತ್ತಿದ್ದ ಅದೇ ಕೆಮ್ಮಣ್ಣು. ಅದರ ಕೆಂಪು ಐರನ್ ಆಕ್ಸೈಡಿನದು, ಅಂದ್ರೆ ತುಕ್ಕಿನ ಸ್ವಂತ ಬಂಧು. ಹಾಗೇ ಹಾಕಬೇಡಿ, 0.1 ಮಿ.ಮೀ. ಹರಳೂ ಇಲ್ಲಿ ಸುಮಾರು 2 ಸೆಂ.ಮೀ. ಕಲ್ಲು. ತೆಳು ಬಟ್ಟೆಯಲ್ಲಿ ವಸ್ತ್ರಗಾಳಿಸಿ, ಒಣ ಬ್ರಶ್ಶಿನಿಂದ ಸಂದುಗಳಿಗಷ್ಟೇ ಸೋಕಿಸಿ.

ಫೋಟೋ ನೋಡುವಾಗ ಒಂದು ಎಚ್ಚರ. ಕುರ್ಸುರಾ ಈಗ ನಿಂತಿರೋದು ನೆಲದ ಮೇಲೆ, ಕಡಲಗಾಳಿಗೆ. ಅದರ ಮೇಲಿನ ಕಲೆಗಳು ಮಳೆಯವು, ಉಪ್ಪುಗಾಳಿಯವು. ನೀರಲ್ಲಿ ತೇಲುವ ಬೋಟಿನ ಕಲೆಗಳಲ್ಲ. ನೀವು ಮಾಡೋದು ಯಾವುದು ಅಂತ ಮೊದಲೇ ತೀರ್ಮಾನಿಸಿ. ಉತ್ತರ ಕನ್ನಡದ ಗೆಳೆಯರು ರಜೆಗೆ ಹೋದಾಗ ಕಾರವಾರದ ಟಾಗೋರ್ ಕಡಲತೀರದ ಚಪಲ್ ನೌಕೆಯ ಹತ್ತಿರ ನಿಂತು ಒಂದಷ್ಟು ಫೋಟೋ ತೆಗೆದು ಕಳಿಸಿದರೆ ಉಪಕಾರ. ಬೋಲ್ಟುಗಳದ್ದು, ಸಂದುಗಳದ್ದು. ಸೆಲ್ಫಿ ಬೇಡ.

ಮೂರನೇ ಸಲದ್ದನ್ನು ದೊಡ್ಡಪ್ಪನ ಮುಂದೆ ಇಟ್ಟಾಗ ಅವರು ತುಕ್ಕಿನ ಮಾತೇ ಎತ್ತಲಿಲ್ಲ. ತಿರುಗಿಸಿ ಹಿಂಭಾಗ ನೋಡಿ, "ಪ್ರೊಪೆಲ್ಲರ್ ಮೂರಿರಬೇಕಲ್ಲ, ಇನ್ನೊಂದೆಲ್ಲಿ?" ಅಂದರು. ಬಸ್ಸಿನಲ್ಲಿ ಬಿದ್ದುಹೋಗಿತ್ತು. ತಂಪು ಪಾನೀಯದ ಡಬ್ಬಿ ಕತ್ತರಿಸಿ ಇನ್ನೊಂದು ಮಾಡುತ್ತಿದ್ದೇವೆ.