ದನ ಮುಟ್ಟದ ಗಿಡ ಮನೆಯೊಳಗೆ ಬಂದಾಗ

ಗೋಕಾಕದಲ್ಲಿ ಹೊಸ ಸಂಸಾರ ಹೂಡಿರುವ ಮಗಳೇ,

ಮನೆಯಲ್ಲಿ ಬೆಕ್ಕಿದೆ, ಮೂಡಲಗಿಯಿಂದ ಮುಧೋಳ ನಾಯಿಯ ಮರಿಯೊಂದು ಬರಲಿದೆ, ಇವೆರಡೂ ಓಡಾಡುವ ಮನೆಗೆ ಯಾವ ಗಿಡ ತರಲಿ ಎಂದು ಕೇಳಿದ್ದೀ. ಇದೇ ಮಾತನ್ನು ಹುಕ್ಕೇರಿ, ಸಂಕೇಶ್ವರದ ಹುಡುಗರೂ ಈಗ ಕೇಳುತ್ತಾರೆ. ಹಾಗಾಗಿ ಎಲ್ಲರೂ ಓದಲೆಂದು ಪತ್ರಿಕೆಗೇ ಕಳಿಸುತ್ತಿದ್ದೇನೆ, ಬೇಜಾರಾಗಬೇಡ.

ನರ್ಸರಿಯವನು ಗಿಡ ಮಾರುವಾಗ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: ‘ಏನೂ ಆಗೂದಿಲ್ರೀ ಅಕ್ಕಾರ, ನೀರ ಹಾಕದಿದ್ರೂ ಬದಕ್ತೈತಿ, ದನಾನೂ ಮುಟ್ಟೂದಿಲ್ಲ.’ ಆ ಕೊನೆಯ ಮಾತನ್ನು ಹಿಡಿದುಕೋ. ದನ ಯಾಕೆ ಮುಟ್ಟುವುದಿಲ್ಲ? ಸಂಕೇಶ್ವರದ ಮೇಲೆ ಹಾಯುವ 48ನೇ ಹೆದ್ದಾರಿಯಂಥ ರಸ್ತೆಗಳ ನಡುವೆ ಕಣಗಿಲೆ ಹಚ್ಚುವುದು ಬರೀ ಹೂವಿನ ಚಂದಕ್ಕಲ್ಲ. ಅದು ಬಿಸಿಲು ತಾಳುತ್ತದೆ, ಕುರಿ ಮೇಕೆ ಬಾಯಿ ಹಾಕುವುದಿಲ್ಲ. ಎಲೆ, ಹೂ, ತೊಗಟೆ, ಕೊಂಬೆ ಇಟ್ಟ ನೀರು, ಎಲ್ಲದರಲ್ಲೂ ಎದೆಬಡಿತ ಕೆಡಿಸುವ ಓಲಿಯಾಂಡ್ರಿನ್ ಇದೆ. ಅದೇ ಎಲೆ ಒಣಗಿ ಮೇವಿನಲ್ಲಿ ಬೆರೆತರೆ ದನಕ್ಕೂ ಗೊತ್ತಾಗುವುದಿಲ್ಲ, ತಿಂದು ಸಾಯುತ್ತದೆ.

ಬಯಲಿನಲ್ಲಿ ಮೇಯುವ ಮೇಕೆಗೆ ಆಯ್ಕೆಯಿದೆ. ಕಹಿ ಹತ್ತಿದರೆ ಪಕ್ಕದ ಹುಲ್ಲಿಗೆ ಹೋಗುತ್ತದೆ. ದಿನವಿಡೀ ಬಾಗಿಲು ಹಾಕಿದ ಮನೆಯಲ್ಲಿ ಕೂತ ಬೆಕ್ಕಿಗೆ, ಹಲ್ಲು ಮೂಡುತ್ತಿರುವ ನಾಯಿಮರಿಗೆ ಸಿಗುವುದು ನೀನಿಟ್ಟ ಕುಂಡವೊಂದೇ. ‘ಪ್ರಾಣಿಗೆ ತನಗೆ ಬೇಕಾದದ್ದು ಗೊತ್ತಿರುತ್ತದೆ’ ಎನ್ನುವ ಹಿರಿಯರ ಮಾತು ಹೊಲಕ್ಕೆ ಸರಿ, ಬಾಡಿಗೆ ಮನೆಗೆ ಅಲ್ಲ.

ಮೊದಲು ಬೆಕ್ಕಿನ ವಿಷಯ. ಹುಟ್ಟುಹಬ್ಬ, ರಿಸೆಪ್ಷನ್ನಿಗೆ ಜನ ತರುವ ಹೂಗುಚ್ಛದಲ್ಲಿ ದೊಡ್ಡ ಎಸಳಿನ, ಕಂದು ಪರಾಗ ಉದುರಿಸುವ ಲಿಲ್ಲಿ ಇದ್ದರೆ ಅದನ್ನು ಒಳಗೆ ತರಲೇಬೇಡ. ಪರಾಗ ಬೆಕ್ಕಿನ ಮೈಮೇಲೆ ಬೀಳುತ್ತದೆ, ಬೆಕ್ಕು ಮೈ ನೆಕ್ಕುತ್ತದೆ, ಅಷ್ಟೇ ಸಾಕು. ಹೂದಾನಿಯ ನೀರು ಕುಡಿದರೂ ಅಷ್ಟೇ. ಮೂತ್ರಪಿಂಡ ಎರಡು ಮೂರು ದಿನದಲ್ಲಿ ಕೈಕೊಡುತ್ತದೆ. 18 ಗಂಟೆಯೊಳಗೆ ಸಲಾಯಿನ್ ಶುರುವಾಗದಿದ್ದರೆ ಉಳಿಸಿಕೊಳ್ಳುವುದು ಬಲು ಕಷ್ಟ. ನಾಯಿಗೆ ಇದೇ ಹೂ ಹೆಚ್ಚೆಂದರೆ ಹೊಟ್ಟೆ ಕೆಡಿಸೀತು. ಹಾಗಾಗಿ ‘ನಮ್ಮ ನಾಯಿಗೆ ಏನೂ ಆಗಲಿಲ್ಲ’ ಎಂದು ಗೆಳತಿ ಹೇಳಿದರೆ ಅದನ್ನು ಬೆಕ್ಕಿಗೆ ಅನ್ವಯಿಸಬೇಡ.

ನಾಯಿಮರಿಗೆ ಸೈಕಸ್. ಕಲ್ಯಾಣಮಂಟಪದ ಬಾಗಿಲಲ್ಲಿ ಎರಡೂ ಕಡೆ ಇಟ್ಟಿರುತ್ತಾರಲ್ಲ, ಪುಟ್ಟ ತಾಳೆಯಂತೆ ಕಾಣುವುದು. ಹೆಣ್ಣು ಗಿಡದ ನಡುವೆ ಕಿತ್ತಳೆ ಬಣ್ಣದ ಬೀಜ ಕಟ್ಟುತ್ತದೆ, ನುಣ್ಣಗೆ, ಗೋಲಿಯಷ್ಟು ದಪ್ಪ, ನಾಯಿಮರಿಗೆ ಆಟಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದೆರಡು ಬೀಜ ಯಕೃತ್ತನ್ನು ಸುಡಲು ಸಾಕು. ನಿನ್ನ ಮೆಟ್ಟಿಲ ಬಳಿ ಮನೆ ಮಾಲೀಕರು ಇಟ್ಟಿರುವುದೂ ಇದೇ. ನಮ್ಮ ಬಿಸಿಲಿಗೆ ಚೆನ್ನಾಗಿ ಹೂ ಬಿಡುತ್ತದೆಂದು ಈಗ ಎಲ್ಲರೂ ಇಡುವ ಅಡೇನಿಯಂ ಕಣಗಿಲೆಯ ಕುಟುಂಬದ್ದೇ, ಅದರ ಹಾಲಿನಲ್ಲೂ ಎದೆಗೆ ಕೆಡುಕು ಮಾಡುವ ಅಂಥದೇ ವಿಷ.

ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಘನತೆಯ ತಳಿ, ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ, ಎಲ್ಲ ನಿಜ. ಮರಿಯಾಗಿದ್ದಾಗ ಮಾತ್ರ ಅದಕ್ಕೂ ಚಪ್ಪಲಿ, ಕುಂಡ ಎಲ್ಲ ಒಂದೇ. ಗಿಡಕ್ಕಿಂತ ನನಗೆ ಹೆಚ್ಚು ಭಯ ಕುಂಡದ ಮಣ್ಣಿನದು. ಗುಲಾಬಿ ಗಿಡದಲ್ಲಿ ವಿಷವಿಲ್ಲ, ಆದರೆ ಅದರ ಬುಡಕ್ಕೆ ನಾವು ಔಡಲ ಹಿಂಡಿ, ಎಲುಬಿನ ಪುಡಿ ಕಲಸಿ ಹಾಕುತ್ತೇವೆ. ಎಲುಬಿನ ವಾಸನೆಗೆ ಮರಿ ಮೂಗು ತೂರಿಸಿ ಕೆದರುತ್ತದೆ, ಮುಕ್ಕುತ್ತದೆ. ಔಡಲದಿಂದ ಎಣ್ಣೆ ತೆಗೆದರೂ ರಿಸಿನ್ ಎಂಬ ವಿಷ ಎಣ್ಣೆಯಲ್ಲಿ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಸರಿಯಾಗಿ ಕಾಯಿಸದ ಹಿಂಡಿ ತಿಂದ ನಾಯಿ ರಕ್ತಭೇದಿಯಾಗಿ ಸಾಯುವುದುಂಟು. ಹಳೆಯ ತಿಪ್ಪೆಗೊಬ್ಬರವನ್ನೋ ಎರೆಗೊಬ್ಬರವನ್ನೋ ಹಾಕು, ಗುಲಾಬಿ ಅಷ್ಟಕ್ಕೇ ತೃಪ್ತಿ.

ಮನಿ ಪ್ಲಾಂಟ್, ಡಿಫನ್‌ಬಾಕಿಯಾ, ಪೀಸ್ ಲಿಲ್ಲಿ ಕೊಲ್ಲುವ ಗಿಡಗಳಲ್ಲ. ಸರಿಯಾಗಿ ಬೇಯದ ಸುವರ್ಣಗಡ್ಡೆ ತಿಂದು ಗಂಟಲು ಕೆರೆದದ್ದು ನಿನಗೆ ನೆನಪಿರಬೇಕು. ಇವೂ ಅದೇ ಕುಟುಂಬದವು, ಒಳಗೆ ಅದೇ ಸೂಜಿಯಂಥ ಹರಳುಗಳು. ಕಡಿದ ಪ್ರಾಣಿ ಜೊಲ್ಲು ಸುರಿಸುತ್ತದೆ, ಬಾಯಿ ಊದುತ್ತದೆ. ಸಾಮಾನ್ಯವಾಗಿ ಎರಡನೇ ಸಲ ಕಡಿಯುವುದಿಲ್ಲ. ಬೆಕ್ಕಿಗೆ ಎಟುಕದಂತೆ ಮೇಲೆ ತೂಗುಹಾಕುತ್ತೇನೆ ಅನ್ನಬೇಡ, ಬೆಕ್ಕಿಗೆ ಎಟುಕದ ಜಾಗ ಎಂಬುದೇ ಇಲ್ಲ.

ದೃಷ್ಟಿಗೆಂದು ಬಾಗಿಲಿಗೆ ಕಟ್ಟುವ ಲೋಳೆಸರ, ಕೆಮ್ಮಿಗೆಂದು ಬೆಳೆಸುವ ದೊಡ್ಡಪತ್ರೆ ಎರಡೂ ನಮಗೆ ಔಷಧ, ಬೆಕ್ಕು ನಾಯಿಗೆ ವಾಂತಿ ಭೇದಿ. ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎಯ ವಿಷಗಿಡಗಳ ಪಟ್ಟಿಯಲ್ಲಿ ಇವೆರಡೂ ಇವೆ. ಶಿವಪೂಜೆಗೆ ತಂದ ದತ್ತೂರಿ ಕಾಯಿಯನ್ನು ಪೂಜೆಯಾದ ಮೇಲೆ ನೆಲದ ಮೇಲೆ ಬಿಡಬೇಡ.

ಹಾಗಾದರೆ ಯಾವುದು? ಅದೇ ಸಂಸ್ಥೆ ನಿರಪಾಯ ಎಂದು ಪಟ್ಟಿ ಮಾಡಿದ ಬಾಸ್ಟನ್ ಫರ್ನ್, ಕಲಾಥಿಯಾ ನಮ್ಮ ಏಪ್ರಿಲ್ಲಿನ ಒಣಬಿಸಿಲಿಗೆ ಅಂಚು ಸುಟ್ಟುಕೊಳ್ಳುತ್ತವೆ. ಬಚ್ಚಲಿನ ಕಿಟಕಿ ಇದ್ದರೆ ನೋಡು, ಇಲ್ಲದಿದ್ದರೆ ದುಡ್ಡು ದಂಡ. ಅರಿಕಾ ಪಾಮ್, ಸ್ಪೈಡರ್ ಪ್ಲಾಂಟ್ ಸಾಕು. ಸ್ಪೈಡರ್ ಪ್ಲಾಂಟನ್ನು ಬೆಕ್ಕು ಖಂಡಿತ ಕಡಿಯುತ್ತದೆ, ಕಡಿಯಲಿ. ಕಿಟಕಿಗೆ ಹಾವರ್ಥಿಯಾ, ಮಾಳಿಗೆಯ ಮೇಲೆ ಮಲ್ಲಿಗೆ, ಅಂಗಳದಲ್ಲಿ ತುಳಸಿ. ನಮ್ಮ ಅವ್ವಂದಿರು ಬೆಳೆಸಿದ್ದರಲ್ಲಿ ಇವೆರಡಕ್ಕೆ ಹೆದರಬೇಕಿಲ್ಲ.

ಬೆಕ್ಕಿಗೆಂದೇ ಒಂದು ತಟ್ಟೆಯಲ್ಲಿ ಗೋಧಿ ಮೊಳೆಸು, ನವರಾತ್ರಿಯ ಘಟಕ್ಕೆ ಹಾಕಿದ ಹಾಗೆ. ಹತ್ತು ದಿನಕ್ಕೆ ಕಡಿಯುವಷ್ಟು ಬೆಳೆಯುತ್ತದೆ, ಆಮೇಲೆ ಬೇರೆ ಗಿಡದ ಗೋಜಿಗೆ ಅದು ಅಷ್ಟಾಗಿ ಹೋಗುವುದಿಲ್ಲ. ಮನೆಯಲ್ಲಿ ಜೋಳ ಇದೆಯೆಂದು ಜೋಳ ಹಾಕಬೇಡ. ಎಳೆಜೋಳದಲ್ಲಿ ಸೈನೈಡ್ ಹುಟ್ಟಿಸುವ ಅಂಶವಿದೆ. ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆಜೋಳ ಮೇಯ್ದು ಎಮ್ಮೆ ಸಾಯುವುದು ಈ ಸೀಮೆಯ ರೈತರಿಗೆ ಗೊತ್ತಿರುವ ಸಂಗತಿ.

ಏನಾದರೂ ತಿಂದಿತು ಅನ್ನು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಎಣ್ಣೆ ಹೊಯ್ಯಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಲ್ಲಿರುವ ಚೂರು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಗಿಡದ ಒಂದು ಟೊಂಗೆಯನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ನಡೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962, ದಾರಿಯಲ್ಲೇ ಕರೆ ಮಾಡು, ಗಾಡಿ ಬರಲಿ ಎಂದು ಮನೆಯಲ್ಲಿ ಕೂರಬೇಡ. ಎಷ್ಟು ಹೊತ್ತಿಗೆ ತಿಂದಿತು, ಎಷ್ಟು ತಿಂದಿತು ಎಂದು ಡಾಕ್ಟರು ಮೊದಲು ಕೇಳುತ್ತಾರೆ.

ಮರಿ ಬರುವ ಮೊದಲು ಆ ಸೈಕಸ್ ಕುಂಡವನ್ನು ಮಾಲೀಕರ ಗೇಟಿನೊಳಗೆ ಸರಿಸಲು ಕೇಳು. ಒಪ್ಪದಿದ್ದರೆ ನನಗೆ ಫೋನ್ ಮಾಡು, ನಾನೇ ಬಂದು ಮಾತಾಡುತ್ತೇನೆ.

ನಿನ್ನ
ಕಾಕಾ